ಮಹಾಮಾರಿಯ ಅನಂತರದ ಕೆಮ್ಮು: ಮಕ್ಕಳ ಶ್ವಾಸರೋಗಗಳ ಬದಲಾದ ನಡೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವೈದ್ಯಕೀಯ ವಿಷಯದ ಮೇಲೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿಕೊಂಡಾಗ, ನನಗೆ ಮೊದಲು ನೆನಪಾದವನು ಐದನೆಯ ತರಗತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಗೆಳೆಯ. ಲೆಕ್ಕದಲ್ಲಿ ನಮಗೆಲ್ಲರಿಗಿಂತ ಮುಂದಿದ್ದ ಅವನು ಆಟದ ಪೀರಿಯಡಿನಲ್ಲಿ ಮಾತ್ರ ಮೈದಾನದ ಅಂಚಿನ ಗೇರುಮರದ ಕೆಳಗೆ ಕುಳಿತು ನಮ್ಮ ಚೀಲಗಳನ್ನು ಕಾಯುತ್ತಿದ್ದನು. ನಾಲ್ಕು ಹೆಜ್ಜೆ ಓಡಿದರೆ ಅವನಿಗೆ ಏದುಸಿರು ಬರುತ್ತಿತ್ತು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕಾಲಕ್ಕೆ ಅವನಿರಲಿಲ್ಲ. ಹೃದಯದ ಕಾಯಿಲೆ ಎಂದು ಹಿರಿಯರು ಹೇಳಿದರು. ಆ ಕಾಯಿಲೆ ಆರಂಭವಾದದ್ದು ಗಂಟಲಿನಲ್ಲಿ ಎಂಬುದು ನನಗೆ ತಿಳಿದದ್ದು ವೈದ್ಯಕೀಯ ಕಾಲೇಜಿಗೆ ಸೇರಿದ ಮೇಲೆ. ಅವನ ಮಾತಿಗೆ ಮುಂದೆ ಬರುತ್ತೇನೆ.

ಮಕ್ಕಳ ವೈದ್ಯನಾಗಿ ನಾನು ಇದೇ ಕಾಸರಗೋಡಿನ ನೆಲದಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿದ್ದೇನೆ. ಕೆಲವು ವರ್ಷಗಳಿಂದ ಹೆತ್ತವರು ನನ್ನಲ್ಲಿ ಪದೇ ಪದೇ ಕೇಳುತ್ತಿರುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಕೊರೋನಾ ಹೋದ ಮೇಲೆ ಮಕ್ಕಳಿಗೆ ಯಾಕೆ ಇಷ್ಟು ಕೆಮ್ಮು?" ಚಿಕಿತ್ಸಾಲಯದ ಗಡಿಬಿಡಿಯಲ್ಲಿ ಇದಕ್ಕೆ ಸಮಾಧಾನದಿಂದ ಉತ್ತರಿಸಲು ಸಾಧ್ಯವಾಗುವುದಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ಕೆಮ್ಮಿಲ್ಲದ ಮಳೆಗಾಲ

2020ರ ಜನವರಿ 30ರಂದು ಭಾರತದ ಮೊದಲ ಕೊರೋನಾ ಪ್ರಕರಣವು ನಮ್ಮ ಕೇರಳದಲ್ಲಿಯೇ ದೃಢಪಟ್ಟಿತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಜಾಗತಿಕ ಮಹಾಮಾರಿಯೆಂದು ಕರೆಯಿತು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಆ ತಿಂಗಳಲ್ಲಿ ಮುಚ್ಚಿದ ಕೇರಳದ ಶಾಲೆಗಳಲ್ಲಿ ಮಕ್ಕಳ ಸ್ವರ ಮತ್ತೆ ಕೇಳಿಬಂದದ್ದು 2021ರ ನವೆಂಬರ್ 1ರಂದು.

ನಮ್ಮಲ್ಲಿ ಜೂನ್ ತಿಂಗಳೆಂದರೆ ಮಳೆಯೂ ಶಾಲೆಯೂ ಒಟ್ಟಿಗೆ ಆರಂಭವಾಗುವ ಕಾಲ. ಎರಡನೆಯ ವಾರಕ್ಕೆ ನನ್ನ ಚಿಕಿತ್ಸಾಲಯದ ಬೆಂಚುಗಳು ಕೆಮ್ಮುವ ಮಕ್ಕಳಿಂದ ತುಂಬಿರುತ್ತವೆ. ಆದರೆ 2020ರ ಮಳೆಗಾಲದಲ್ಲಿ ಆ ಬೆಂಚುಗಳು ಬರಿದಾಗಿದ್ದುವು. ಕರಿಮೆಣಸಿನ ಕಷಾಯದ ಫಲವೆಂದು ಕೆಲವರು, ಮನೆಯೂಟದ ಫಲವೆಂದು ಕೆಲವರು ಹೇಳಿದರು. ಮಕ್ಕಳು ಗಟ್ಟಿಮುಟ್ಟಾಗಿದ್ದಾರೆ ಎಂದು ನಾನೂ ಸಂತೋಷಪಟ್ಟೆ.

ಇದು ನಮ್ಮೂರಿನ ಅನುಭವ ಮಾತ್ರವಾಗಿರಲಿಲ್ಲ. 26 ದೇಶ ಹಾಗೂ ಪ್ರದೇಶಗಳ ಪ್ರಯೋಗಾಲಯಗಳ ಲೆಕ್ಕಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ನ್ಯೂಮೋನಿಯಾ ಮತ್ತು ಮಿದುಳುಪೊರೆಯ ಉರಿಯೂತವನ್ನು ಉಂಟುಮಾಡುವ ಮೂರು ಮುಖ್ಯ ಬ್ಯಾಕ್ಟೀರಿಯಾಗಳ, ಎಂದರೆ ನ್ಯುಮೋಕಾಕಸ್, ಹೀಮೋಫಿಲಸ್ ಇನ್‌ಫ್ಲುಯೆಂಜೆ ಮತ್ತು ಮೆನಿಂಗೋಕಾಕಸ್‌ಗಳ ತೀವ್ರ ಸೋಂಕುಗಳು 2020ರ ಆರಂಭದಲ್ಲಿ ಎಲ್ಲೆಡೆಯೂ ಇಳಿದಿದ್ದುವು. ಜನರ ಓಡಾಟ ಕಡಿಮೆಯಾದ ಎಂಟು ವಾರಗಳಲ್ಲಿ ನ್ಯುಮೋಕಾಕಸ್ ಸೋಂಕಿನ ಪ್ರಮಾಣವು ಶೇಕಡಾ 82ರಷ್ಟು ಕುಸಿದಿತ್ತು.

ಇಲ್ಲಿ ವಿವೇಕಿಗಳಾದ ಓದುಗರಿಗೆ ಸಂದೇಹವೊಂದು ಬರುವುದು ಸಹಜ. ರೋಗ ಕಡಿಮೆಯಾಯಿತೇ, ಅಥವಾ ಆಸ್ಪತ್ರೆಗೆ ಬರಲು ಜನ ಹೆದರಿದರೇ? ಈ ಸಂದೇಹವನ್ನು ನಿವಾರಿಸಲು ಸಂಶೋಧಕರು ನಾಲ್ಕನೆಯದಾದ ಒಂದು ಬ್ಯಾಕ್ಟೀರಿಯಾವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಅದು ಬಿ ಗುಂಪಿನ ಸ್ಟ್ರೆಪ್ಟೊಕಾಕಸ್. ಹೆರಿಗೆಯ ವೇಳೆಯಲ್ಲಿ ತಾಯಿಯಿಂದ ಶಿಶುವಿಗೆ ಬರುವ ಇದು ಕೆಮ್ಮು ಸೀನುಗಳಿಂದ ಹರಡುವಂತಹದಲ್ಲ. ಇದರ ಸಂಖ್ಯೆಯಲ್ಲಿ ಹೇಳುವಂತಹ ಬದಲಾವಣೆ ಕಂಡುಬರಲಿಲ್ಲ. ರೋಗಿಗಳು ಆಸ್ಪತ್ರೆಗೆ ಬಾರದಿದ್ದರೆ, ಪ್ರಯೋಗಾಲಯಗಳು ಕೆಲಸ ನಿಲ್ಲಿಸಿದ್ದರೆ ಇದೂ ಇಳಿಯಬೇಕಾಗಿತ್ತು. ಆದುದರಿಂದ ಉಸಿರಿನ ಮೂಲಕ ಹರಡುವ ರೋಗಗಳು ನಿಜವಾಗಿಯೂ ಇಳಿದಿದ್ದುವು ಎಂಬುದು ಸ್ಪಷ್ಟವಾಯಿತು.

ಮೂಗಿನಲ್ಲಿ ಉಳಿದವರು

ರೋಗಾಣುಗಳು ಎಲ್ಲಿ ಹೋಗಿದ್ದುವು? ಎಲ್ಲಿಯೂ ಹೋಗಿರಲಿಲ್ಲ ಎಂಬುದೇ ನ್ಯುಮೋಕಾಕಸ್‌ನ ಮಟ್ಟಿಗೆ ದೊರೆತ ಉತ್ತರ. ಈ ಬ್ಯಾಕ್ಟೀರಿಯಾ ಆರೋಗ್ಯವಂತ ಮಕ್ಕಳ ಮೂಗಿನ ಹಿಂಭಾಗದಲ್ಲಿ ಯಾವ ತೊಂದರೆಯನ್ನೂ ಕೊಡದೆ ವಾಸಿಸುವುದುಂಟು. ಇಸ್ರೇಲಿನ ಸಂಶೋಧಕರು ಮಹಾಮಾರಿಯ ಕಾಲದಲ್ಲಿ ಐದು ವರ್ಷಕ್ಕಿಂತ ಕಿರಿಯ ಮಕ್ಕಳ ಮೂಗಿನ ದ್ರವವನ್ನು ಪರೀಕ್ಷಿಸಿದಾಗ, ನ್ಯುಮೋಕಾಕಸ್ ಮೊದಲಿನಂತೆಯೇ ಅಲ್ಲಿತ್ತು. ಆದರೆ ಅದರಿಂದ ಬರುವ ನ್ಯೂಮೋನಿಯಾ ಬಹಳ ಕಡಿಮೆಯಾಗಿತ್ತು. ಅದೇ ಕಾಲದಲ್ಲಿ ಇನ್‌ಫ್ಲುಯೆಂಜಾ ಮತ್ತು ಆರ್.ಎಸ್.ವಿ. ಮುಂತಾದ ವೈರಸ್‌ಗಳು ಬಹುತೇಕ ಕಾಣೆಯಾಗಿದ್ದುವು.

ಇದರ ಅರ್ಥವನ್ನು ತಿಳಿಯಲು ನಮ್ಮ ಶ್ವಾಸನಾಳದ ರಚನೆಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಶ್ವಾಸನಾಳದ ಒಳಮೈಯಲ್ಲಿ ಅತಿಸೂಕ್ಷ್ಮವಾದ ರೋಮಗಳಿವೆ. ಅವು ಸದಾ ಅಲುಗಾಡುತ್ತ ಕಫವನ್ನೂ ಅದರಲ್ಲಿ ಸಿಕ್ಕಿಬಿದ್ದ ಕಸವನ್ನೂ ರೋಗಾಣುಗಳನ್ನೂ ಮೇಲಕ್ಕೆ ದೂಡುತ್ತವೆ. ಅಂಗಳದ ಕಸವನ್ನು ಪೊರಕೆಯಿಂದ ಗುಡಿಸಿದಂತೆ. ವೈರಸ್ ಬಂದು ಈ ಒಳಪದರವನ್ನು ಹಾಳುಮಾಡಿದಾಗ ಗುಡಿಸುವ ಕೆಲಸ ನಿಲ್ಲುತ್ತದೆ. ಮೂಗಿನಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾ ಆಗ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲು ನೆಗಡಿ, ನಾಲ್ಕು ದಿನಗಳಲ್ಲಿ ಗುಣ, ಆಮೇಲೆ ಏಕಾಏಕಿ ಜೋರಾದ ಜ್ವರ, ಏದುಸಿರು ಎಂದು ತಾಯಂದಿರು ವಿವರಿಸುವ ಕ್ರಮ ಇದೇ.

ಇದು ಹೊಸ ವಿಷಯವಲ್ಲ. 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಸತ್ತವರಲ್ಲಿ ಹೆಚ್ಚಿನವರ ಪ್ರಾಣ ತೆಗೆದದ್ದು ಆ ವೈರಸ್‌ನ ಬೆನ್ನಲ್ಲಿ ಬಂದ ಬ್ಯಾಕ್ಟೀರಿಯಾದ ನ್ಯೂಮೋನಿಯಾ. ಕೊರೋನಾದ ಕಾಲದಲ್ಲಿ ಆದದ್ದು ಇದರ ಮರುಮುಖ. ನಾವು ಮನೆಯೊಳಗೆ ಕುಳಿತು, ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಇತರ ವೈರಸ್‌ಗಳ ದಾರಿಯನ್ನು ಮುಚ್ಚಿದೆವು. ವೈರಸ್ ಬಾರದ್ದರಿಂದ ಬ್ಯಾಕ್ಟೀರಿಯಾಕ್ಕೂ ಒಳಗಿಳಿಯಲು ದಾರಿಯಾಗಲಿಲ್ಲ. ಬಾಗಿಲು ತೆರೆದಾಗ ಕ್ರಮ ತಿರುಗಿತು. 2021ರಲ್ಲಿ ಚಳಿಗಾಲದ ಆರ್.ಎಸ್.ವಿ. ಹಲವು ದೇಶಗಳಲ್ಲಿ ಬೇಸಗೆಯಲ್ಲಿ ಬಂದಿತು. ಅದರ ಹಿಂದೆ ಬ್ಯಾಕ್ಟೀರಿಯಾಗಳೂ ಒಂದೊಂದಾಗಿ ಮರಳಿದುವು.

ಗಂಟಲಿನ ಸ್ಟ್ರೆಪ್ಟೊಕಾಕಸ್

ಮೊದಲು ಸುದ್ದಿಯಾದದ್ದು ಎ ಗುಂಪಿನ ಸ್ಟ್ರೆಪ್ಟೊಕಾಕಸ್. 2022ರ ಡಿಸೆಂಬರ್ 15ರಂದು ವಿಶ್ವ ಆರೋಗ್ಯ ಸಂಸ್ಥೆಯು ಫ್ರಾನ್ಸ್, ಐರ್ಲೆಂಡ್, ನೆದರ್‌ಲ್ಯಾಂಡ್ಸ್, ಸ್ವೀಡನ್ ಮತ್ತು ಬ್ರಿಟನ್‌ಗಳಲ್ಲಿ ಇದರ ತೀವ್ರ ಸೋಂಕುಗಳು ಏರಿವೆಯೆಂದು ಪ್ರಕಟಿಸಿತು. ಹತ್ತು ವರ್ಷಕ್ಕಿಂತ ಕೆಳಗಿನ ಮಕ್ಕಳಲ್ಲಿ ಇದು ಹೆಚ್ಚಾಗಿತ್ತು. ಕೆಲವು ಮಕ್ಕಳು ತೀರಿಕೊಂಡರು. ಇನ್‌ಫ್ಲುಯೆಂಜಾ ಮತ್ತಿತರ ವೈರಸ್‌ಗಳು ಅದೇ ಕಾಲದಲ್ಲಿ ಹಬ್ಬಿದ್ದುದು ಅದಕ್ಕೆ ಒಂದು ಕಾರಣ. ಎರಡು ವರ್ಷ ಈ ಬ್ಯಾಕ್ಟೀರಿಯಾವನ್ನು ಎದುರಿಸದ ಮಕ್ಕಳ ಸಂಖ್ಯೆ ಬೆಳೆದಿದ್ದುದು ಇನ್ನೊಂದು. ಹೆಚ್ಚು ವಿಷವನ್ನು ಸ್ರವಿಸುವ ಎಂ1ಯುಕೆ ಎಂಬ ತಳಿಯೂ ಬ್ರಿಟನ್ನಿನಲ್ಲಿ ಹರಡಿತ್ತು. ಆದರೆ ಇದನ್ನು ವಿಜ್ಞಾನಿಗಳು 2019ರಲ್ಲಿಯೇ, ಕೊರೋನಾಕ್ಕೆ ಮೊದಲೇ ಗುರುತಿಸಿದ್ದರು.

ನನ್ನ ಗೆಳೆಯನ ಗಂಟಲಿಗೆ ಬಂದಿದ್ದುದು ಇದೇ ಜಾತಿಯ ಬ್ಯಾಕ್ಟೀರಿಯಾ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಇದರಿಂದಾದ ಗಂಟಲು ನೋವಿಗೆ ಸರಿಯಾದ ಚಿಕಿತ್ಸೆಯಾಗದಿದ್ದರೆ, ಎರಡು ಮೂರು ವಾರಗಳ ಬಳಿಕ ಕೆಲವರಿಗೆ ಸಂಧಿನೋವಿನ ಜ್ವರ ಬರುತ್ತದೆ. ಬ್ಯಾಕ್ಟೀರಿಯಾದ ವಿರುದ್ಧ ದೇಹವು ತಯಾರಿಸಿದ ಅಸ್ತ್ರವೇ ಹೃದಯದ ಕವಾಟಗಳಿಗೆ ತಗಲುತ್ತದೆ. ರುಮ್ಯಾಟಿಕ್ ಹೃದಯರೋಗವೆಂದು ಇದರ ಹೆಸರು. ನೆನಪಿಡಬೇಕಾದ ಸಂಗತಿಯೆಂದರೆ, ಈ ಬ್ಯಾಕ್ಟೀರಿಯಾ ಇಂದಿಗೂ ಪೆನಿಸಿಲಿನ್‌ಗೆ ಮಣಿಯುತ್ತದೆ. ಗಂಟಲು ನೋವು ಬಂದ ಒಂಬತ್ತು ದಿನಗಳೊಳಗೆ ಆರಂಭಿಸಿ, ಹತ್ತು ದಿನ ಬಿಡದೆ ತೆಗೆದುಕೊಂಡ ಮಾತ್ರೆ ನನ್ನ ಗೆಳೆಯನನ್ನು ಉಳಿಸಬಹುದಾಗಿತ್ತು. ಎರಡು ದಿನಗಳಲ್ಲಿ ಜ್ವರ ಬಿಟ್ಟಿತೆಂದು ಔಷಧ ನಿಲ್ಲಿಸುವ ಹೆತ್ತವರನ್ನು ಕಂಡಾಗಲೆಲ್ಲ ನನಗೆ ಆ ಗೇರುಮರದ ನೆರಳು ಕಣ್ಣಿಗೆ ಕಟ್ಟುತ್ತದೆ.

ತಡವಾಗಿ ಬಂದ ಮೈಕೋಪ್ಲಾಸ್ಮಾ

ಎರಡನೆಯದು ಮೈಕೋಪ್ಲಾಸ್ಮಾ ನ್ಯೂಮೋನಿಯೆ. ಸಾಮಾನ್ಯವಾಗಿ ಮೂರರಿಂದ ಏಳು ವರ್ಷಗಳಿಗೊಮ್ಮೆ ಅಲೆಯಾಗಿ ಬರುವ ಇದು ನಿಧಾನವಾಗಿ ಬೆಳೆಯುವ ಜೀವಿ. ಒಬ್ಬರಿಂದ ಇನ್ನೊಬ್ಬರಿಗೆ ತಗಲಿ ರೋಗ ಕಾಣಿಸಿಕೊಳ್ಳಲು ಎರಡು ಮೂರು ವಾರ ಬೇಕು. ಇತರ ರೋಗಾಣುಗಳು ಮರಳಿದ ಮೇಲೂ ಇದು ಮರಳಲಿಲ್ಲ. ಕೊನೆಗೆ 2023ರ ಉತ್ತರಾರ್ಧದಲ್ಲಿ ಚೀನಾ, ಡೆನ್ಮಾರ್ಕ್ ಮೊದಲಾದ ದೇಶಗಳಲ್ಲಿ ಕಾಣಿಸಿಕೊಂಡಿತು. ಉತ್ತರ ಚೀನಾದ ಆಸ್ಪತ್ರೆಗಳು ಮಕ್ಕಳಿಂದ ತುಂಬಿದಾಗ ಹೊಸದೊಂದು ಮಹಾಮಾರಿ ಹುಟ್ಟಿತೇ ಎಂದು ಜಗತ್ತು ನಡುಗಿತು. ಆ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವಿವರ ಕೇಳಿದಾಗ ತಿಳಿದುಬಂದದ್ದು ಹಳೆಯ ಪರಿಚಿತರ ಹೆಸರುಗಳೇ: ಮೈಕೋಪ್ಲಾಸ್ಮಾ, ಆರ್.ಎಸ್.ವಿ., ಅಡಿನೋವೈರಸ್, ಇನ್‌ಫ್ಲುಯೆಂಜಾ. 2024ರಲ್ಲಿ ಅಮೆರಿಕದಲ್ಲಿಯೂ ಇದು ಏರಿತು. ಶಾಲೆಗೆ ಹೋಗುವ ಪ್ರಾಯದವರ ರೋಗವೆಂದು ನಾವು ಓದಿದ್ದ ಇದು ಅಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳಲ್ಲಿಯೂ ಎದ್ದು ಕಂಡಿತು.

ಇದರ ನ್ಯೂಮೋನಿಯಾ ಬಂದ ಮಗು ಹಲವು ಬಾರಿ ಓಡಾಡಿಕೊಂಡೇ ಇರುತ್ತದೆ, ಒಣಕೆಮ್ಮು ಮಾತ್ರ ವಾರಗಟ್ಟಲೆ ಬಿಡುವುದಿಲ್ಲ. ಪೆನಿಸಿಲಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಒಡೆಯುವ ಮೂಲಕ. ಮೈಕೋಪ್ಲಾಸ್ಮಾಕ್ಕೆ ಕೋಶಭಿತ್ತಿಯೇ ಇಲ್ಲ. ಆದುದರಿಂದ ಪೆನಿಸಿಲಿನ್, ಅಮಾಕ್ಸಿಸಿಲಿನ್‌ಗಳು ಇದಕ್ಕೆ ನಾಟುವುದಿಲ್ಲ. ಅಜಿಥ್ರೋಮೈಸಿನ್‌ನಂತಹ ಔಷಧಗಳು ಬೇಕಾಗುತ್ತವೆ. ಚೀನಾದಲ್ಲಿ ಅವುಗಳಿಗೂ ಬಗ್ಗದ ತಳಿಗಳೇ ಹೆಚ್ಚಾಗಿವೆ. ಕಳೆದ ವರ್ಷ ಅಣ್ಣನಿಗೆ ಕೊಟ್ಟ ಚೀಟಿಯನ್ನು ಅಂಗಡಿಗೆ ಒಯ್ದು ಈ ವರ್ಷ ತಂಗಿಗೆ ಔಷಧ ತರುವುದು ಏಕೆ ಅಪಾಯವೆಂಬುದು ಇದರಿಂದ ತಿಳಿಯುತ್ತದೆ.

ಅಜ್ಜಿ ಗುರುತಿಸಿದ ಕೆಮ್ಮು

ಮೂರನೆಯದು ನಾಯಿಕೆಮ್ಮು. ಇದನ್ನು ಬರೆಯುವಾಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. 2024ರಲ್ಲಿ ನಾಲ್ಕು ವರ್ಷದ ಹುಡುಗನೊಬ್ಬನನ್ನು ಕೆಮ್ಮೆಂದು ಕರೆತಂದಿದ್ದರು. ಜ್ವರವಿರಲಿಲ್ಲ, ಎದೆ ಶುದ್ಧವಾಗಿತ್ತು. ಸಾಮಾನ್ಯ ನೆಗಡಿಯೆಂದು ಹೇಳಿ ಕಳುಹಿಸಿದೆ. ಎರಡು ವಾರಗಳ ಬಳಿಕ ಅದೇ ತಾಯಿ ಒಂದು ತಿಂಗಳ ಹಸುಗೂಸನ್ನು ಎತ್ತಿಕೊಂಡು ಬಂದರು. ಮಗು ಹಾಲು ಕುಡಿಯುತ್ತಿರಲಿಲ್ಲ. ನಡುನಡುವೆ ಉಸಿರು ನಿಂತು ತುಟಿ ನೀಲಿಯಾಗುತ್ತಿತ್ತು. ನಾನು ಶಿಶುವನ್ನು ಪರೀಕ್ಷಿಸುತ್ತಿದ್ದಾಗ ಹೊರಗೆ ಬೆಂಚಿನಲ್ಲಿದ್ದ ಅಣ್ಣನು ಒಂದೇ ಸಮನೆ ಕೆಮ್ಮಿ, ಕೊನೆಗೆ ಕೂಗಿದಂತೆ ದೀರ್ಘವಾಗಿ ಉಸಿರೆಳೆದನು. ಜೊತೆಯಲ್ಲಿದ್ದ ಅಜ್ಜಿ ಹೇಳಿದರು: "ಡಾಕ್ಟ್ರೇ, ಇದು ನಾಯಿಕೆಮ್ಮು. ನನ್ನ ತಮ್ಮನಿಗೆ ಬಂದದ್ದೂ ಹೀಗೆಯೇ. ಅವನು ಉಳಿಯಲಿಲ್ಲ."

ಅಜ್ಜಿಯ ಮಾತೇ ಸರಿಯಾಗಿತ್ತು. ಲಸಿಕೆಯಿಂದಾಗಿ ಈ ರೋಗ ಅಪರೂಪವಾಗಿದ್ದ ಕಾಲದಲ್ಲಿ ಕಲಿತ ನಾನು ಅದನ್ನು ಕಂಡದ್ದು ಬೆರಳೆಣಿಕೆಯಷ್ಟು ಬಾರಿ. ಹಸುಗೂಸುಗಳು ಈ ರೋಗದಲ್ಲಿ ಕೆಮ್ಮದೆಯೇ ಉಸಿರು ನಿಲ್ಲಿಸುವುದುಂಟು. ಶಿಶುವನ್ನು ತಕ್ಷಣ ಮಂಗಳೂರಿಗೆ ಕಳುಹಿಸಿದೆವು. ಅನೇಕ ದಿನಗಳ ತೀವ್ರ ನಿಗಾದ ಬಳಿಕ ದೇವರ ದಯೆಯಿಂದ ಮನೆಗೆ ಮರಳಿತು.

ಅಣ್ಣನ ಲಸಿಕೆಯ ಕಾರ್ಡನ್ನು ತರಿಸಿ ನೋಡಿದೆ. 2020ರಲ್ಲಿ ಹುಟ್ಟಿದ ಅವನಿಗೆ ಮೊದಲ ಮೂರು ಸೂಜಿಗಳಾಗಿದ್ದುವು. ಹದಿನಾರರಿಂದ ಇಪ್ಪತ್ತನಾಲ್ಕನೆಯ ತಿಂಗಳೊಳಗೆ ಆಗಬೇಕಾದ ಬಲವರ್ಧಕ ಸೂಜಿಯ ಕಾಲಂ ಖಾಲಿಯಿತ್ತು. ಮೊದಲು ಕೊರೋನಾದ ಭಯದಿಂದ ಮುಂದೂಡಿದ್ದರು. ಬಳಿಕ ಫೋನಿಗೆ ಬಂದ ಸೂಚನೆ ಮಲಯಾಳದಲ್ಲಿತ್ತು. ಆ ಮನೆಯವರೆಲ್ಲರೂ ಮಲಯಾಳ ಮಾತನಾಡಬಲ್ಲರು. ಕನ್ನಡ ಶಾಲೆಯಲ್ಲಿ ಕಲಿತ ಅವರಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ.

ಇಂತಹ ಖಾಲಿ ಕಾಲಂಗಳು ಜಗತ್ತಿನಾದ್ಯಂತ ಉಳಿದುವು. 2021ರಲ್ಲಿ ಸುಮಾರು ಎರಡೂವರೆ ಕೋಟಿ ಮಕ್ಕಳು ಗಂಟಲುಮಾರಿ, ಧನುರ್ವಾಯು, ನಾಯಿಕೆಮ್ಮುಗಳ ಲಸಿಕೆಯ ಒಂದಾದರೂ ಸೂಜಿಯನ್ನು ತಪ್ಪಿಸಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕ ಹಾಕಿವೆ. ಲಸಿಕೆ ಚೆನ್ನಾಗಿ ನಡೆಯುವ ಯುರೋಪಿನಲ್ಲಿಯೂ 2023ರ ಆರಂಭದಿಂದ 2024ರ ಏಪ್ರಿಲ್‌ವರೆಗೆ 60,000ದ ಸಮೀಪ ನಾಯಿಕೆಮ್ಮಿನ ಪ್ರಕರಣಗಳು ವರದಿಯಾದುವು. ಈ ಲಸಿಕೆಯ ರಕ್ಷಣೆ ಕಾಲಕ್ರಮದಲ್ಲಿ ಸವೆಯುವುದೂ ರೋಗವು ಕೆಲವು ವರ್ಷಗಳಿಗೊಮ್ಮೆ ತಾನಾಗಿ ಏರುವುದೂ ಅದಕ್ಕೆ ಕಾರಣಗಳು. 2024ರಲ್ಲಿ ಇಂಗ್ಲೆಂಡಿನಲ್ಲಿ 11 ಶಿಶುಗಳು ಇದರಿಂದ ಅಸುನೀಗಿದುವು.

ಋಣವೆಂಬ ಮಾತು

ಈ ಮರುಕಳಿಕೆಯನ್ನು ವಿವರಿಸಲು ಫ್ರಾನ್ಸಿನ ಮಕ್ಕಳ ವೈದ್ಯರು 2021ರಲ್ಲಿ 'ಇಮ್ಯೂನಿಟಿ ಡೆಟ್', ಎಂದರೆ 'ರೋಗನಿರೋಧದ ಋಣ' ಎಂಬ ಮಾತನ್ನು ಬಳಸಿದರು. ಈ ಮಾತು ಎರಡು ತಪ್ಪು ತಿಳುವಳಿಕೆಗಳಿಗೆ ಎಡೆಮಾಡಿದೆ. ಮನೆಯಲ್ಲಿದ್ದ ಮಕ್ಕಳ ದೇಹಶಕ್ತಿಯೇ ಕುಗ್ಗಿತೆಂದು ಕೆಲವರು ನಂಬಿದ್ದಾರೆ. ಮಗುವಿನ ರಕ್ಷಣಾವ್ಯವಸ್ಥೆ ಬಳಸದೆ ತುಕ್ಕು ಹಿಡಿಯುವ ಕತ್ತಿಯಲ್ಲ. ಪ್ರತಿವರ್ಷ ಸ್ವಲ್ಪ ಸ್ವಲ್ಪ ಮಕ್ಕಳಿಗೆ ಬಂದುಹೋಗಬೇಕಾಗಿದ್ದ ಸೋಂಕು ಎರಡು ಮೂರು ವರ್ಷಗಳ ಮಕ್ಕಳಿಗೆ ಒಮ್ಮೆಲೇ ಬಂದಿತು. ಆದುದರಿಂದ ಊರಿನ ಒಟ್ಟು ಲೆಕ್ಕ ಏರಿತು.

ಎರಡನೆಯ ತಪ್ಪು ಇನ್ನೂ ಅಪಾಯಕರ. ರೋಗ ಬಂದರೇ ಮಗು ಗಟ್ಟಿಯಾಗುತ್ತದೆ, ಬರಲಿ ಬಿಡಿ ಎಂಬ ಮಾತನ್ನು ವಿದ್ಯಾವಂತರ ಬಾಯಿಯಲ್ಲಿಯೂ ಕೇಳಿದ್ದೇನೆ. ಒಂದು ತಿಂಗಳ ಶಿಶುವಿಗೆ ನಾಯಿಕೆಮ್ಮು ಬಂದು ಗಟ್ಟಿಯಾಗಲಾರದು. ನನ್ನ ಗೆಳೆಯ ಗಂಟಲು ನೋವಿನಿಂದ ಗಟ್ಟಿಯಾಗಲಿಲ್ಲ. ಲಸಿಕೆಯಿರುವ ರೋಗಗಳ ಮಟ್ಟಿಗೆ ಈ ಋಣವನ್ನು ಸೂಜಿಮೊನೆಯಿಂದ ತೀರಿಸಬಹುದು. ಲಸಿಕೆಯಿಲ್ಲದ ಸ್ಟ್ರೆಪ್ಟೊಕಾಕಸ್, ಮೈಕೋಪ್ಲಾಸ್ಮಾಗಳಿಗೆ ಬೇಗನೆ ಗುರುತಿಸುವುದೊಂದೇ ದಾರಿ.

ಹೆತ್ತವರು ತಿಳಿದಿರಬೇಕಾದದ್ದು

ಸರಕಾರದ ಲಸಿಕಾ ಕಾರ್ಯಕ್ರಮದಲ್ಲಿ ಈಗ ನಮಗೆ ದೊರೆಯುತ್ತಿರುವುದು ಸಣ್ಣ ಸಂಗತಿಯಲ್ಲ. ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯು 2011ರ ಡಿಸೆಂಬರಿನಲ್ಲಿ ದೇಶದಲ್ಲೇ ಮೊದಲಿಗೆ ಕೇರಳ ಮತ್ತು ತಮಿಳುನಾಡುಗಳಲ್ಲಿ ಆರಂಭವಾಯಿತು. ಅದನ್ನು 6, 10 ಮತ್ತು 14ನೆಯ ವಾರಗಳಲ್ಲಿ ಕೊಡುತ್ತಾರೆ. ನ್ಯುಮೋಕಾಕಸ್ ಲಸಿಕೆಯನ್ನು 2021ರ ಅಕ್ಟೋಬರಿನಿಂದ ದೇಶವ್ಯಾಪಿಯಾಗಿ ವಿಸ್ತರಿಸಲಾಗಿದ್ದು, 6 ಮತ್ತು 14ನೆಯ ವಾರ ಹಾಗೂ 9ನೆಯ ತಿಂಗಳಲ್ಲಿ ಕೊಡುತ್ತಾರೆ. ಡಿ.ಪಿ.ಟಿ.ಯ ಬಲವರ್ಧಕ ಸೂಜಿಗಳು 16ರಿಂದ 24ನೆಯ ತಿಂಗಳೊಳಗೆ ಒಮ್ಮೆ, 5ರಿಂದ 6 ವರ್ಷದೊಳಗೆ ಇನ್ನೊಮ್ಮೆ. ಈ ಕೊನೆಯದು ಶಾಲೆ ಸೇರುವ ಪ್ರಾಯದ್ದು. ಮರೆತುಹೋಗುವುದೂ ಹೆಚ್ಚಾಗಿ ಇದೇ.

ಕೆಮ್ಮುವ ಮಗುವನ್ನು ಯಾವಾಗ ವೈದ್ಯರಲ್ಲಿಗೆ ಒಯ್ಯಬೇಕೆಂಬುದಕ್ಕೆ ಗಡಿಯಾರವೊಂದಿದ್ದರೆ ಸಾಕು. ಮಗು ಶಾಂತವಾಗಿರುವಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿರಿ. ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡು ತಿಂಗಳಿನಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40. ಉಸಿರಾಟ ಈ ಸಂಖ್ಯೆಯನ್ನು ಮುಟ್ಟಿದರೆ ಅಥವಾ ದಾಟಿದರೆ ನ್ಯೂಮೋನಿಯಾದ ಸಂಶಯವಿದೆ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದರೆ, ಮಗು ಕುಡಿಯಲಾರದಿದ್ದರೆ, ತುಟಿ ನೀಲಿಯಾದರೆ, ಮಂಪರಿನಲ್ಲಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಕೆಮ್ಮಿಲ್ಲದೆ ಜ್ವರದೊಂದಿಗೆ ಗಂಟಲು ನೋವು ಬಂದರೆ, ಮರಳುಕಾಗದದಂತೆ ಒರಟಾದ ಕೆಂಪು ಗಂಧೆ ಎದ್ದರೆ, ಕೆಮ್ಮು ಎರಡು ವಾರ ಮೀರಿದರೆ ತೋರಿಸಲು ತಡಮಾಡಬಾರದು.

ಉಳಿದ ನೆಗಡಿ ಕೆಮ್ಮುಗಳಲ್ಲಿ ಹೆಚ್ಚಿನವು ವೈರಸ್‌ನವು. ಅವುಗಳಿಗೆ ಪ್ರತಿಜೈವಿಕಗಳಿಂದ ಯಾವ ಪ್ರಯೋಜನವೂ ಇಲ್ಲ. ಅನಾವಶ್ಯಕವಾಗಿ ಕೊಟ್ಟರೆ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತೆ ಆಗುತ್ತವೆ. ವೈದ್ಯರ ಚೀಟಿಯಿಲ್ಲದೆ ಇವುಗಳ ಮಾರಾಟವನ್ನು ತಡೆಯಲು ಕೇರಳ ಸರಕಾರವು 2024ರ ಜನವರಿಯಲ್ಲಿ 'ಆಪರೇಷನ್ ಅಮೃತ್' ಎಂಬ ತಪಾಸಣೆಯನ್ನು ಆರಂಭಿಸಿತು. ಅಂಗಡಿಯವರು ಚೀಟಿ ಕೇಳಿದರೆ ದಯವಿಟ್ಟು ಬೇಸರಿಸಬೇಡಿರಿ.

ಶಾಲೆಗೆ ಒಂದು ವಿನಂತಿ

2020 ಮತ್ತು 2021ರಲ್ಲಿ ಹುಟ್ಟಿದ ಮಕ್ಕಳು ಈಗ ನಮ್ಮ ಶಾಲೆಯ ಪ್ರಾಥಮಿಕ ತರಗತಿಗಳಲ್ಲಿ ಕುಳಿತಿದ್ದಾರೆ. ಅವರ ಕಾರ್ಡುಗಳಲ್ಲಿ ಖಾಲಿ ಕಾಲಂಗಳಿರಬಹುದು. ಪ್ರತಿ ಜೂನ್ ತಿಂಗಳಲ್ಲಿ ಅಧ್ಯಾಪಕರು ಹಾಜರಿ ಪುಸ್ತಕದ ಜೊತೆಗೆ ಲಸಿಕೆಯ ಕಾರ್ಡನ್ನೂ ತರಿಸಿ ನೋಡಬೇಕೆಂದು ವಿನಂತಿಸುತ್ತೇನೆ. ಬಾಕಿಯಿರುವ ಲಸಿಕೆಯ ಹೆಸರು, ಕೊಡುವ ಸ್ಥಳ, ದಿನಗಳನ್ನು ಕನ್ನಡದಲ್ಲಿ ಬರೆದ ಒಂದು ಚೀಟಿ ಆ ಮಗುವಿನ ಮನೆಗೆ ಹೋಗಲಿ. ಹಳೆವಿದ್ಯಾರ್ಥಿ ಸಂಘವು ಆ ಚೀಟಿಗಳನ್ನು ಮುದ್ರಿಸಿಕೊಡಲಿ. ಜೂನಿನ ಮೊದಲ ಎರಡು ಶನಿವಾರಗಳಂದು ಶಾಲೆಗೆ ಬಂದು ಕಾರ್ಡುಗಳನ್ನು ಪರಿಶೀಲಿಸುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.

ಗಡಿಯ ಈಚೆ ಐವತ್ತು ವರ್ಷ ಕನ್ನಡದ ಅಕ್ಷರವನ್ನು ಉಳಿಸಿದ ಈ ಶಾಲೆ ನನಗೆ ಓದು ಕೊಟ್ಟಿತು. ಆ ಅಕ್ಷರವು ಒಂದು ಮನೆಯ ಶಿಶುವಿನ ಉಸಿರನ್ನು ಉಳಿಸುವುದಕ್ಕೂ ಒದಗಿದರೆ ನಮ್ಮ ಗುರುಗಳಿಗೆ ಅದಕ್ಕಿಂತ ಮಿಗಿಲಾದ ಕಾಣಿಕೆ ಬೇರೊಂದಿಲ್ಲ. ಮುಂದಿನ ಕ್ರೀಡೋತ್ಸವದಲ್ಲಿ ಚೀಲಗಳನ್ನು ಕಾಯಲು ಒಂದು ಮಗುವೂ ಉಳಿಯದೆ ಎಲ್ಲರೂ ಮೈದಾನಕ್ಕಿಳಿದು ಓಡಲಿ ಎಂದು ಹಾರೈಸುತ್ತೇನೆ.